ಆರು ದಿನದ ಕಾರ್ನಿಯಾ ಹಳಸಿರುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಹೋದ ಆಷಾಢದಲ್ಲಿ ನಮ್ಮ ಅತ್ತೆಯವರು (79 ವರ್ಷ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು) ಬೆಳಗಿನ ಜಾವ ಮನೆಯಲ್ಲೇ ತೀರಿಕೊಂಡರು. ಅವರ ಆಸೆಯಂತೆ ಕಣ್ಣು ದಾನ ಮಾಡಿದೆವು. ಮಳೆಯಲ್ಲಿ ತಂಡ ಬಂದು ಮುಟ್ಟುವಾಗ ಐದು ಗಂಟೆ ದಾಟಿತ್ತು. ಆಮೇಲೆ ಬಂದ ಪತ್ರದಲ್ಲಿ ‘ಜೀವಕೋಶಗಳ ಸಂಖ್ಯೆ ಸಾಲದ ಕಾರಣ ಕಸಿಗೆ ಬಳಸಿಲ್ಲ, ತರಬೇತಿಗೆ ಬಳಸಲಾಗಿದೆ’ ಎಂದಿತ್ತು. ನೆಂಟರಲ್ಲಿ ಕೆಲವರು ‘ಮಾರ್ಕೊಂಡಿರ್ತಾರೆ ಬಿಡಿ’ ಅಂತಾರೆ. ಈಗ ನಮ್ಮ ಯಜಮಾನರಿಗೇ ಕಾರ್ನಿಯಾ ಬೇಕಾಗಿದೆ. ಎರಡು ವರ್ಷದ ಹಿಂದೆ ಭತ್ತ ಒಕ್ಕುವಾಗ ಹೊಟ್ಟು ಸಿಡಿದು ಬಲಗಣ್ಣಲ್ಲಿ ಹುಣ್ಣಾಗಿತ್ತು. ವಾಸಿಯಾದ ಮೇಲೆ ಹೂ (ಬಿಳಿ ಕಲೆ) ಬಿದ್ದಿದೆ. ಕಳೆದ ತಿಂಗಳು ಆಸ್ಪತ್ರೆಯಿಂದ ಕರೆ ಬಂತು. ಅಡ್ಮಿಟ್ ಆದ ಮೇಲೆ, ಆಪರೇಷನ್ ದಿನ ಬೆಳಿಗ್ಗೆ ‘ಬಾಟಲಿಯ ಬಣ್ಣ ಬದಲಾಗಿದೆ, ಇವತ್ತು ಬೇಡ’ ಎಂದು ವಾಪಸ್ ಕಳಿಸಿದರು. ಈಗ ಮತ್ತೆ ಕರೆದಿದ್ದಾರೆ. ಕೇಳಿದರೆ, ಆ ದಿನಕ್ಕೆ ಕಾರ್ನಿಯಾ ತೆಗೆದು ಆರು ದಿನ ಆಗಿರುತ್ತದಂತೆ. ಆರು ದಿನದ್ದು ಹಳಸಿರುವುದಿಲ್ಲವೇ? ನಾವು ತಡ ಮಾಡಿದ್ದಕ್ಕೇ ಅತ್ತೆಯವರ ಕಣ್ಣು ಹಾಳಾಯಿತೇ? ಅದನ್ನು ಅವರ ಮಗನಿಗೇ ಇಟ್ಟುಕೊಳ್ಳಲು ಆಗುತ್ತಿರಲಿಲ್ಲವೇ?

ಉತ್ತರ: ಮೊದಲು ತುರ್ತಿನ ಮಾತು. ಆರು ದಿನದ ಕಾರ್ನಿಯಾ ಹಳಸಿರುವುದಿಲ್ಲ. ಆ ಒಂದೇ ಕಾರಣಕ್ಕೆ ಬೇಡವೆನ್ನಬೇಡಿ, ಹೋಗಿ ಬನ್ನಿ. ಅತ್ತೆಯವರ ಕಣ್ಣು ಕಸಿಗೆ ಬಾರದೆ ಇದ್ದದ್ದಕ್ಕೆ ನಿಮ್ಮ ತಡ ಮುಖ್ಯ ಕಾರಣವೆಂದು ನನಗೆ ಅನ್ನಿಸುವುದಿಲ್ಲ.

ನಿಮ್ಮ ಮೂರೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ತೆಗೆದ ಕಾರ್ನಿಯಾಕ್ಕೆ ಎರಡು ಬಗೆಯ ಸಮಯವಿರುತ್ತದೆ. ಉಸಿರು ನಿಂತ ಗಳಿಗೆಯಿಂದ, ಅದನ್ನು ಕಾಪಿಡುವ ದ್ರವದ ಬಾಟಲಿ ಸೇರುವವರೆಗಿನದು ಒಂದು, ಬಾಟಲಿ ಸೇರಿದ ಮೇಲಿನದು ಇನ್ನೊಂದು. ಮೊದಲನೆಯದನ್ನು ಗಂಟೆಗಳಲ್ಲಿ ಎಣಿಸಬೇಕು, ಅಲ್ಲಿ ಒಂದೊಂದು ಗಂಟೆಯೂ ದುಬಾರಿ. ಎರಡನೆಯದನ್ನು ದಿನಗಳಲ್ಲಿ ಎಣಿಸಿದರೆ ಸಾಕು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಬಾಟಲಿಯಲ್ಲಿ ಎಷ್ಟು ದಿನ ಇತ್ತು ಎಂದು ಕೇಳುತ್ತಾರೆ. ಬಾಟಲಿಗೆ ಹಾಕುವ ಮೊದಲು ಎಷ್ಟು ಹೊತ್ತಾಗಿತ್ತು ಎಂದು ಕೇಳುವವರು ಅಪರೂಪ. ನಾನು ವೈದ್ಯನಾಗಿ ಕಾರ್ನಿಯಾದ ಜೊತೆ ಬರುವ ಕಾಗದದಲ್ಲಿ ಮೊದಲು ನೋಡುವುದು ಕೋಶಗಳ ಸಂಖ್ಯೆ, ಆಮೇಲೆ ಈ ಮೊದಲ ಲೆಕ್ಕ.

ಯಾಕೆ ಹೀಗೆ ಎಂದರೆ, ಕಾರ್ನಿಯಾ ಜೀವಂತ ವಸ್ತು. ಕಣ್ಣಿನ ಕಪ್ಪು ಭಾಗದ ಮೇಲೆ ಗಾಜಿನಂತೆ ಕೂತಿರುವ ಈ ಪಟಲ ನಡುವೆ ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಅದರ ಒಳಮೈಗೆ ಅಂಟಿಕೊಂಡಂತೆ ಎಂಡೋಥೀಲಿಯಂ ಎಂಬ ಒಂದೇ ಒಂದು ಸಾಲು ಜೀವಕೋಶಗಳಿವೆ. ಸೂಕ್ಷ್ಮದರ್ಶಕದಲ್ಲಿ ಅವು ಜೇನುಹುಟ್ಟಿನ ಕಣ್ಣುಗಳಂತೆ ಆರು ಮೂಲೆಯಾಗಿ ಒತ್ತೊತ್ತಾಗಿ ಕಾಣುತ್ತವೆ. ಇವುಗಳ ಕೆಲಸ ಕಾರ್ನಿಯಾದೊಳಗೆ ಸೇರುವ ನೀರನ್ನು ಹಗಲೂ ರಾತ್ರಿ ಹೊರಗೆ ಎಳೆದುಹಾಕುವುದು. ಆ ಕೆಲಸ ನಿಂತರೆ ಕಾರ್ನಿಯಾ ಊದಿ ಮಬ್ಬಾಗುತ್ತದೆ. ಹುಟ್ಟುವಾಗ ಒಂದು ಚದರ ಮಿಲಿಮೀಟರಿಗೆ 3000ಕ್ಕಿಂತ ಹೆಚ್ಚು ಕೋಶಗಳಿರುತ್ತವೆ. ನಡುವಯಸ್ಸಿನಲ್ಲಿ 2500ರ ಆಸುಪಾಸು. ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಪಕ್ಕದವು ಅಗಲವಾಗಿ ಜಾಗ ತುಂಬಿಕೊಳ್ಳುತ್ತವೆ, ಅಷ್ಟೆ. ದೃಷ್ಟಿಗಾಗಿ ಮಾಡುವ ಪೂರ್ಣ ಕಸಿಗೆ ಸಾಮಾನ್ಯವಾಗಿ 2000ಕ್ಕಿಂತ ಮೇಲಿರಲಿ ಎಂದು ನೋಡುತ್ತೇವೆ, ಏಕೆಂದರೆ ಆಪರೇಷನ್ನಿನಲ್ಲಿ ಒಂದಷ್ಟು ಹೋಗುತ್ತವೆ, ಮುಂದಿನ ವರ್ಷಗಳಲ್ಲಿ ಇನ್ನಷ್ಟು. ಐ ಬ್ಯಾಂಕಿನಲ್ಲಿ ನಡೆಯುವ ಎಲ್ಲ ಮಡಿಮೈಲಿಗೆಯೂ ಈ ಒಂದು ಸಾಲು ಕೋಶಗಳನ್ನು ಉಳಿಸಿಕೊಳ್ಳುವುದಕ್ಕೇ.

ಈಗ ನಿಮ್ಮ ಮನೆಯ ಆ ಬೆಳಿಗ್ಗೆಗೆ ಬರೋಣ. ಸಾವಿನ ನಂತರ ಆರು ಗಂಟೆಯೊಳಗೆ ಎಂಬುದು ಎಲ್ಲೆಡೆ ಹೇಳುವ ಮಾತು. ನೀವು ಅದರೊಳಗೇ ಇದ್ದಿರಿ. ಆಷಾಢದ ನಮ್ಮ ಮಲೆನಾಡಿನ ಚಳಿ ಬಯಲುಸೀಮೆಯ ಬೇಸಿಗೆಗಿಂತ ಕಣ್ಣಿಗೆ ಒಳ್ಳೆಯದೇ. ಹಾಳು ಮಾಡುವುದು ಬೇರೆ ಸಂಗತಿಗಳು: ರೆಪ್ಪೆ ಪೂರ್ತಿ ಮುಚ್ಚದೆ ಬಿಟ್ಟದ್ದು, ಮೇಲೆ ಫ್ಯಾನ್ ತಿರುಗುತ್ತಿದ್ದದ್ದು. ನಾಲ್ಕು ಗಂಟೆ ಫ್ಯಾನಿನ ಗಾಳಿಗೆ ಒಣಗಿದ ಕಾರ್ನಿಯಾದ ಮೇಲ್ಪದರ ಒರಟಾಗಿ ಕಿತ್ತು ಬರುತ್ತದೆ. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿ ಒಂದು ದಿಂಬು ಕೊಟ್ಟರೆ ಮನೆಯವರ ಪಾಲಿನ ಕೆಲಸ ಮುಗಿಯಿತು. ಬೆಂಗಳೂರಿನಿಂದ ಮಕ್ಕಳು ಬರಲಿ ಎಂದು ಫ್ರೀಜರ್ ಪೆಟ್ಟಿಗೆ ತರಿಸಿದ್ದರೆ ಅದನ್ನೂ ಐ ಬ್ಯಾಂಕಿಗೆ ಫೋನಿನಲ್ಲೇ ಹೇಳಿ. ತಂಪಿನಲ್ಲಿಟ್ಟ ದೇಹದಿಂದ ಇನ್ನೂ ಸ್ವಲ್ಪ ತಡವಾಗಿ ತೆಗೆದರೂ ನಡೆಯುತ್ತದೆ. ಫೋನ್ ಮಾತ್ರ ನೆಂಟರಿಗೆ ಮಾಡುವ ಮೊದಲೇ ಮಾಡಿ. ದಾನಪತ್ರಕ್ಕೆ ಮೊದಲೇ ಸಹಿ ಹಾಕಿರಲಿ ಬಿಡಲಿ, ಆ ಹೊತ್ತಿನಲ್ಲಿ ಮನೆಯವರ ಒಪ್ಪಿಗೆ ಬೇಕೇ ಬೇಕು. ಮನೆಯವರು ಕರೆಯದೆ ಯಾರಿಗೂ ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಇನ್ನೊಂದು ತೊಡಕು ದಾರಿ. ನಗರದಾಚೆ ನೆಟ್‌ವರ್ಕ್ ಸಿಗದ ತಿರುವಿನಲ್ಲಿ ತಂಡ ಮನೆ ಹುಡುಕುತ್ತಾ ಅರ್ಧ ಗಂಟೆ ಕಳೆಯುವುದುಂಟು. ಬಸ್ ಸ್ಟಾಪಿನಲ್ಲಿ ಬೈಕ್ ಹಿಡಿದು ಒಬ್ಬರನ್ನು ನಿಲ್ಲಿಸಿದರೆ ಆ ಅರ್ಧ ಗಂಟೆ ಉಳಿಯುತ್ತದೆ.

ತಂಡದವರು ಮಾಡುವ ಕೆಲಸ ಇಪ್ಪತ್ತು ನಿಮಿಷದ್ದು. ಮೊದಲು ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆಯುತ್ತಾರೆ. ಪೊವಿಡೋನ್ ಅಯೋಡಿನ್‌ನಿಂದ ಕಣ್ಣು ತೊಳೆದು ಹೆಚ್ಚಾಗಿ ಮುಂದಿನ ಪಟಲವನ್ನಷ್ಟೇ ತೆಗೆಯುತ್ತಾರೆ, ಕೆಲವೊಮ್ಮೆ ಇಡೀ ಗುಡ್ಡೆ. ಮುಖ ವಿಕಾರವಾಗುವುದಿಲ್ಲ, ನೀವೇ ನೋಡಿದ್ದೀರಿ. ಕಣ್ಣಿಡೀ ಇನ್ನೊಬ್ಬರಿಗೆ ಕೂರಿಸುತ್ತಾರೆ ಎಂಬುದು ತಪ್ಪು ಕಲ್ಪನೆ, ಕಸಿಯಾಗುವುದು ಕಾರ್ನಿಯಾ ಮಾತ್ರ.

ಪಟಲ ತೆಗೆಯುವ ರೀತಿಯಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಹೇಳಲೇಬೇಕು. ಕಾರ್ನಿಯಾವನ್ನು ಕಾರ್ನಿಯಾದ ಅಂಚಿನಲ್ಲೇ ಕತ್ತರಿಸುವುದಿಲ್ಲ. ಸುತ್ತಲಿನ ಬಿಳಿ ಭಾಗವನ್ನು ಎರಡು ಮೂರು ಮಿಲಿಮೀಟರ್ ಉಂಗುರದಂತೆ ಸೇರಿಸಿ ಕತ್ತರಿಸುತ್ತಾರೆ. ಹಿಡಿಯುವುದು, ಎತ್ತುವುದು ಎಲ್ಲ ಆ ಬಿಳಿ ಉಂಗುರದಲ್ಲೇ. ಒಳಗಿನ ಐರಿಸ್ ಎಂಬ ಬಣ್ಣದ ಪರದೆಯಿಂದ ಬಿಡಿಸುವಾಗ ಕಾರ್ನಿಯಾವನ್ನು ಮೇಲಕ್ಕೆ ಜಗ್ಗಿದರೆ ಅದು ಮಡಚಿಕೊಳ್ಳುತ್ತದೆ, ಮಡಚಿದ ಗೆರೆಯುದ್ದಕ್ಕೂ ಕೋಶಗಳು ಸಾಯುತ್ತವೆ. ಮಾರನೇ ದಿನ ಸೂಕ್ಷ್ಮದರ್ಶಕದಲ್ಲಿ ಆ ಗೆರೆಗಳು ಕಪ್ಪಗೆ ಎದ್ದು ಕಾಣುತ್ತವೆ. ಅವನ್ನು ನೋಡಿದರೆ ತೆಗೆದವರ ಕೈ ಪಳಗಿದೆಯೋ ಇಲ್ಲವೋ ಹೇಳಬಹುದು. ಒಳ್ಳೆಯ ತಂತ್ರಜ್ಞರು ಐರಿಸ್ಸನ್ನು ಕೆಳಕ್ಕೆ ತಳ್ಳುತ್ತಾರೆಯೇ ಹೊರತು ಕಾರ್ನಿಯಾವನ್ನು ಮೇಲಕ್ಕೆ ಎಳೆಯುವುದಿಲ್ಲ. ಕಸಿಯ ಭವಿಷ್ಯ ಸರ್ಜನ್ನನ ಕೈಯಲ್ಲಿದೆ ಎಂದು ಜನ ಅಂದುಕೊಳ್ಳುತ್ತಾರೆ. ಅರ್ಧಕ್ಕರ್ಧ ಅದು ನಡುರಾತ್ರಿ ಟಾರ್ಚ್ ಹಿಡಿದು ಹಳ್ಳಿಮನೆಗೆ ಬರುವ ಈ ಹುಡುಗ ಹುಡುಗಿಯರ ಕೈಯಲ್ಲಿರುತ್ತದೆ, ಅವರ ಹೆಸರು ಯಾವ ಬೋರ್ಡಿನ ಮೇಲೂ ಇರುವುದಿಲ್ಲ.

ಇನ್ನು ಬಾಟಲಿ. 1905ರಲ್ಲಿ ಇಂದಿನ ಜೆಕ್ ದೇಶದಲ್ಲಿರುವ ಓಲೊಮೊತ್ಸ್ ಎಂಬ ಊರಿನಲ್ಲಿ ಎಡುವಾರ್ಡ್ ಜಿರ್ಮ್ ಎಂಬ ವೈದ್ಯರು ಮನುಷ್ಯನಿಗೆ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದಾಗ ಬಾಟಲಿಯೇ ಇರಲಿಲ್ಲ. ಪೆಟ್ಟಾಗಿ ತೆಗೆದುಹಾಕಬೇಕಾಗಿ ಬಂದ ಒಬ್ಬ ಹುಡುಗನ ಕಣ್ಣಿನಿಂದ ನೇರವಾಗಿ ರೋಗಿಯ ಕಣ್ಣಿಗೆ ಇಟ್ಟರು. (ಆ ರೋಗಿಯ ಕಣ್ಣು ಸುಟ್ಟಿದ್ದು ಸುಣ್ಣದಿಂದ. ತೋಟಕ್ಕೆ ಬೋರ್ಡೋ (ಸುಣ್ಣ, ಮೈಲುತುತ್ತದ ದ್ರಾವಣ) ಹೊಡೆಯುವವರು ಇದನ್ನು ಓದುತ್ತಿದ್ದರೆ: ಸುಣ್ಣ ಕಣ್ಣಿಗೆ ಬಿದ್ದರೆ ಮೊದಲು ಅಲ್ಲೇ ಇರುವ ಶುದ್ಧ ನೀರಿನಲ್ಲಿ ಅರ್ಧ ಗಂಟೆ ತೊಳೆಯಿರಿ, ಜೀಪು ಆಮೇಲೆ.) ಬಹುಕಾಲ ಇಡೀ ಗುಡ್ಡೆಯನ್ನೇ ಒದ್ದೆ ಹತ್ತಿಯ ಮೇಲೆ ತಂಪಿನಲ್ಲಿಟ್ಟು ಒಂದೆರಡು ದಿನದೊಳಗೆ ಬಳಸುತ್ತಿದ್ದರು. 1974ರಲ್ಲಿ ಮೆಕೇರಿ ಮತ್ತು ಕಾಫ್‌ಮನ್ ಎಂಬಿಬ್ಬರು ಕಂಡುಹಿಡಿದ ದ್ರವ ಅದನ್ನು ನಾಲ್ಕು ದಿನಕ್ಕೆ ಎಳೆಯಿತು. ಈಗ ಬಳಸುವ ದ್ರವಗಳು 14 ದಿನದವರೆಗೆ ಇಡುತ್ತವೆ. ನಮ್ಮ ದೇಶದಲ್ಲೇ, ಮಧುರೈನಲ್ಲಿ ಅಂಥದ್ದು ತಯಾರಾಗುತ್ತದೆ. ಅದರಲ್ಲಿ ಕೋಶಗಳಿಗೆ ಆಹಾರವಿದೆ, ಕಾರ್ನಿಯಾ ಊದದಂತೆ ತಡೆಯುವ ಡೆಕ್ಸ್‌ಟ್ರಾನ್, ಕಾಂಡ್ರಾಯ್ಟಿನ್ ಇವೆ, ಆ್ಯಂಟಿಬಯಾಟಿಕ್ ಇದೆ.

ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಆ ತಂಪಿನಲ್ಲಿ ಕೋಶಗಳು ಸಾಯದೆ ಮಂದವಾಗಿ ಬದುಕಿರುತ್ತವೆ. ಹೆಪ್ಪುಗಟ್ಟಿಸಿದರೆ ಮಾತ್ರ ಒಳಗೆ ಮಂಜಿನ ಹರಳು ಕಟ್ಟಿ ಅಷ್ಟೂ ಒಡೆದುಹೋಗುತ್ತವೆ. ಅದಕ್ಕೇ ಬಸ್ಸಿನಲ್ಲೋ ಕಾರಿನಲ್ಲೋ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರುವಾಗ ಕರಗುತ್ತಿರುವ ಸಾದಾ ಐಸ್ ಇರುತ್ತದೆ, ಫ್ರೀಜರಿನ ಕಲ್ಲುಗಟ್ಟಿ ಜೆಲ್ ಪ್ಯಾಕನ್ನು ಬಾಟಲಿಗೆ ತಾಗಿಸುವುದಿಲ್ಲ.

ಆರು ದಿನ ಯಾಕೆ ಬೇಕಾಯಿತು ಎಂದರೆ, ಮೊದಲ ಒಂದೆರಡು ದಿನ ಯಾರೂ ಅದನ್ನು ಮುಟ್ಟುವಂತಿಲ್ಲ. ದಾನಿಯ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಇಲ್ಲವೆಂದು ವರದಿ ಬರಬೇಕು. ಸಾವಿನ ಕಾರಣ ನೋಡಬೇಕು: ರೇಬೀಸ್, ರಕ್ತಕ್ಕೇರಿದ ಸೋಂಕು, ರಕ್ತದ ಕ್ಯಾನ್ಸರ್, ಮಿದುಳು ಜ್ವರ, ಕಾರಣ ತಿಳಿಯದ ಸಾವು ಇದ್ದರೆ ಬಳಸುವುದಿಲ್ಲ. ಮಂಗನ ಕಾಯಿಲೆಯ ತಿಂಗಳುಗಳಲ್ಲಿ ನಮ್ಮ ಕಡೆ ಜ್ವರದಿಂದ ಸತ್ತವರ ವಿಷಯದಲ್ಲಿ ಈ ಎಚ್ಚರ ಇನ್ನೂ ಬಿಗಿಯಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಸಕ್ಕರೆ ಕಾಯಿಲೆ, ಬಿಪಿ, ಕನ್ನಡಕ ಅಡ್ಡಿಯಲ್ಲ. ಆಮೇಲೆ ಬಾಟಲಿಯನ್ನು ಹೊರಗಿಟ್ಟು ಕೋಣೆಯ ಉಷ್ಣತೆಗೆ ತಂದು, ಮುಚ್ಚಳ ತೆಗೆಯದೆಯೇ ಸ್ಲಿಟ್ ಲ್ಯಾಂಪಿನಲ್ಲಿ ನೋಡಿ, ಸ್ಪೆಕ್ಯುಲರ್ ಮೈಕ್ರೋಸ್ಕೋಪಿನಲ್ಲಿ ಕೋಶ ಎಣಿಸಬೇಕು. ಕೊನೆಗೆ ರೋಗಿಗೆ ಫೋನ್ ಹೋಗಬೇಕು, ಅವರು ಊರಿಂದ ಬರಬೇಕು. ಹೀಗೆ ಐದಾರು ದಿನ ಕಳೆಯುವುದು ಸಹಜ. ನಾಳೆಯೇ ಹಾಕುತ್ತೇವೆ ಎಂದು ರಕ್ತದ ವರದಿಗೂ ಕಾಯದವರಿದ್ದರೆ ನಾನು ಅವರಿಗೆ ಹೆದರುತ್ತೇನೆ.

ಇದಕ್ಕೆ ಅಂಕಿ ಇದೆ. ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಏಳು ದಿನದೊಳಗಿನ ಕಾರ್ನಿಯಾ ಪಡೆದವರಲ್ಲಿ ಮೂರು ವರ್ಷದ ನಂತರ ಕಸಿ ಉಳಿದಿದ್ದದ್ದು ಶೇ 95.3, ಎಂಟರಿಂದ 14 ದಿನದ್ದು ಪಡೆದವರಲ್ಲಿ ಶೇ 92.1. ಅದು ಒಳಪದರದ ಕಸಿಯ ಮೇಲಿನ ಅಧ್ಯಯನ, ಅಂದರೆ ಕೋಶಗಳೇ ಮುಖ್ಯವಾದ ಆಪರೇಷನ್. ಅಲ್ಲೇ ವ್ಯತ್ಯಾಸ ಇಷ್ಟು ಕಡಿಮೆಯಿದ್ದ ಮೇಲೆ ನಿಮ್ಮ ಆರು ದಿನಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಬಣ್ಣ ಬದಲಾದ ಬಾಟಲಿಯ ವಿಷಯದಲ್ಲಿ ನಿಮಗೆ ಬೇಸರವಾದದ್ದು ಸರಿಯೇ. ಬಸ್ ಚಾರ್ಜು, ರಜೆ, ಉಪವಾಸ ಎಲ್ಲ ದಂಡ. ಆದರೂ ನಿಮ್ಮನ್ನು ವಾಪಸ್ ಕಳಿಸಿದವರು ಒಳ್ಳೆಯ ಕೆಲಸ ಮಾಡಿದ್ದಾರೆ. ಆ ದ್ರವದಲ್ಲಿ ಫೀನಾಲ್ ರೆಡ್ ಎಂಬ ಬಣ್ಣವಿರುತ್ತದೆ. ಚೆನ್ನಾಗಿದ್ದಾಗ ದ್ರವ ಗುಲಾಬಿ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಹುಳಿಯಾದರೆ ಹಳದಿಗೆ ತಿರುಗುತ್ತದೆ. ಹಳದಿ ಬಾಟಲಿಯ ಕಾರ್ನಿಯಾ ಹೊಲಿದರೆ ಕಣ್ಣೊಳಗೇ ಕೀವಾಗಿ ಕಣ್ಣನ್ನೇ ಕಳೆದುಕೊಳ್ಳುವ ಅಪಾಯವಿದೆ. ಇನ್ನೊಂದು ಮಾತು: ಶಿಲೀಂಧ್ರ ಕೆಲವೊಮ್ಮೆ ಬಣ್ಣ ಬದಲಿಸದೆಯೂ ಇರುತ್ತದೆ. ಅದಕ್ಕೇ ಆಪರೇಷನ್ ಮುಗಿದ ಮೇಲೆ ಉಳಿದ ಬಿಳಿ ಉಂಗುರವನ್ನು (ರಿಮ್) ಲ್ಯಾಬಿಗೆ ಕಲ್ಚರಿಗೆ, ಅಂದರೆ ಸೂಕ್ಷ್ಮಾಣು ಬೆಳೆಯುತ್ತದೆಯೇ ಎಂದು ನೋಡಲು ಕಳಿಸುವ ಪದ್ಧತಿ ಇದೆ. ನಿಮ್ಮ ಯಜಮಾನರ ಆಪರೇಷನ್ ಆದ ವಾರದಲ್ಲಿ ‘ರಿಮ್ ಕಲ್ಚರ್ ಏನು ಬಂತು’ ಎಂದು ಕೇಳಿ, ಸಂಕೋಚ ಬೇಡ.

ಅತ್ತೆಯವರ ಕಾರ್ನಿಯಾಕ್ಕೆ ಮರಳುತ್ತೇನೆ. ವಯಸ್ಸೊಂದೇ ಅಡ್ಡಿ ಎನ್ನಲಾಗದು. 66ರಿಂದ 75 ವಯಸ್ಸಿನ ದಾನಿಗಳ ಕಾರ್ನಿಯಾ ಐದು ವರ್ಷದ ಕೊನೆಗೆ ಕಿರಿಯ ದಾನಿಗಳದ್ದರಷ್ಟೇ ಉಳಿದದ್ದನ್ನು ಇನ್ನೊಂದು ದೊಡ್ಡ ಅಧ್ಯಯನ ತೋರಿಸಿದೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬ್ರಾಕೆಟ್ಟಿನೊಳಗಿನ ಸಾಲು: ಎರಡೂ ಕಣ್ಣಿಗೆ ಪೊರೆ ಆಪರೇಷನ್. ಪೊರೆ ತೆಗೆಯುವಾಗ ಕೆಲವು ಕೋಶಗಳು ಹೋಗುತ್ತವೆ, ಆಮೇಲೂ ವರ್ಷ ವರ್ಷ ಸ್ವಲ್ಪ ಹೆಚ್ಚೇ ಸವೆಯುತ್ತವೆ. ಅವರು ಬದುಕಿರುವವರೆಗೆ ಅಷ್ಟು ಕೋಶ ಸಾಕಿತ್ತು. ಇನ್ನೊಬ್ಬರಿಗೆ ಮುಂದಿನ ಇಪ್ಪತ್ತು ವರ್ಷಕ್ಕೆ ಸಾಲುವುದಿಲ್ಲ. ಐದು ಗಂಟೆಯ ಬದಲು ಎರಡು ಗಂಟೆಯಲ್ಲಿ ತಂಡ ಬಂದಿದ್ದರೂ ಉತ್ತರ ಬಹುಶಃ ಇದೇ ಇರುತ್ತಿತ್ತು.

ಮಾರಾಟದ ಮಾತನ್ನು ಬಿಡಿ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಕಾರ್ನಿಯಾ ಮಾರುವುದೂ ಕೊಳ್ಳುವುದೂ ಅಪರಾಧ. ಮಾರುವವರು ‘ಬಳಸಲಿಲ್ಲ’ ಎಂದು ಪತ್ರ ಬರೆಯುತ್ತಾರೆಯೇ? ಕೋಶ ಕಡಿಮೆಯಿರುವ ಕಾರ್ನಿಯಾಕ್ಕೂ ಕೆಲಸವಿದೆ. ಹುಣ್ಣು ತೂತಾಗಿ ಕಣ್ಣೇ ಹೋಗುವ ಸ್ಥಿತಿಯಲ್ಲಿರುವವರಿಗೆ ತಾತ್ಕಾಲಿಕ ಮುಚ್ಚಳವಾಗಿ ಹಾಕುತ್ತಾರೆ. ಆ ವಾರ ಅಂಥ ರೋಗಿ ಇರದಿದ್ದರೆ ತರಬೇತಿಗೆ ಹೋಗುತ್ತದೆ. ಒಳಪದರವನ್ನಷ್ಟೇ ಸುಲಿದು ತೆಗೆಯುವ ಹೊಸ ಕಸಿಯಲ್ಲಿ ಪದರದ ದಪ್ಪ ಕೂದಲಿಗಿಂತ ಎಷ್ಟೋ ಕಡಿಮೆ. ಅದನ್ನು ಹರಿಯದೆ ಬಿಡಿಸುವುದನ್ನು ಯಾವ ಸರ್ಜನ್ನೂ ರೋಗಿಯ ಪಾಲಿನ ಕಾರ್ನಿಯಾದ ಮೇಲೆ ಕಲಿಯಬಾರದು. ನಾವೆಲ್ಲ ಕಲಿತದ್ದು ನಿಮ್ಮ ಅತ್ತೆಯವರಂಥವರು ಕೊಟ್ಟದ್ದರ ಮೇಲೆ.

ಮಗನಿಗೇ ಇಡಬಹುದಿತ್ತೇ? ಇಟ್ಟಿದ್ದರೂ ಲಾಭವಿರಲಿಲ್ಲ. ಕಾರ್ನಿಯಾದಲ್ಲಿ ರಕ್ತನಾಳವಿಲ್ಲ, ಹಾಗಾಗಿ ಕಿಡ್ನಿಯಂತೆ ಸಂಬಂಧಿಕರದ್ದೇ ಆಗಬೇಕು, ಗುಂಪು ಹೊಂದಬೇಕು ಎಂಬುದು ಸಾಮಾನ್ಯವಾಗಿ ಇಲ್ಲ. ಕಾಯುವವರ ಪಟ್ಟಿಯ ಪ್ರಕಾರ, ಯಾವ ಕಣ್ಣಿಗೆ ಯಾವ ಗುಣಮಟ್ಟದ್ದು ಬೇಕೋ ನೋಡಿ ಕೊಡುತ್ತಾರೆ. ಯಾರದ್ದು ಯಾರಿಗೆ ಹೋಯಿತೆಂದು ಎರಡೂ ಕಡೆಗೆ ಹೇಳುವುದಿಲ್ಲ. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, 2021ರಲ್ಲಿ, ಬೆಂಗಳೂರಿನಲ್ಲಿ ಅವರ ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರ ಎಂದು ಬಿಡಿಸಿ ನಾಲ್ವರಿಗೆ ಹಾಕಿದ್ದು ನೆನಪಿರಬಹುದು. ಎಲ್ಲರಿಗೂ ಇಡೀ ಕಾರ್ನಿಯಾ ಬೇಕಾಗುವುದಿಲ್ಲ ಎಂಬುದು ಅದರಿಂದ ಜನರಿಗೆ ಗೊತ್ತಾಯಿತು.

ನಿಮ್ಮ ಯಜಮಾನರ ಆಯ್ಕೆಯೂ ಇದಕ್ಕೇ ಸೇರಿದೆ. ಹೂ ಮುಂದಿನ ಪದರಗಳಲ್ಲಷ್ಟೇ ಇದ್ದು ಒಳಗಿನ ಕೋಶಗಳು ಚೆನ್ನಾಗಿದ್ದರೆ, ಮುಂಪದರದ ಕಸಿ ಸಾಧ್ಯವೇ ಎಂದು ಸರ್ಜನ್ನರನ್ನು ಕೇಳಿ. ಅವರದ್ದೇ ಎಂಡೋಥೀಲಿಯಂ ಉಳಿಯುವುದರಿಂದ ದೇಹ ಆ ಕೋಶಗಳನ್ನು ತಿರಸ್ಕರಿಸುವ ಪ್ರಶ್ನೆ ಬರುವುದಿಲ್ಲ, ಕಣ್ಣೂ ಗಟ್ಟಿಯಾಗಿರುತ್ತದೆ. ಆಪರೇಷನ್ ಕಷ್ಟದ್ದು, ಪದರ ಬಿಡಿಸುವಾಗ ಹರಿದರೆ ಅಲ್ಲೇ ಪೂರ್ಣ ಕಸಿಗೆ ಬದಲಿಸಬೇಕಾಗಬಹುದು. ಹುಣ್ಣು ಆಳವಾಗಿ ಕೊರೆದಿದ್ದರೆ ಪೂರ್ಣ ಕಸಿಯೇ ದಾರಿ. ಕಲೆಯೊಳಗೆ ರಕ್ತನಾಳ ನುಗ್ಗಿದ್ದರೆ ತಿರಸ್ಕಾರದ ಅಪಾಯ ಹೆಚ್ಚು, ಇದನ್ನು ಅವರು ಮುಚ್ಚಿಡದೆ ಹೇಳಬೇಕು. ಕಲೆ ತೆಳ್ಳಗಿದ್ದು ಮೇಲ್ಮೈ ಏರುಪೇರಾಗಿರುವುದೇ ಮುಖ್ಯ ತೊಂದರೆಯಾಗಿದ್ದರೆ ವಿಶೇಷ ಗಟ್ಟಿ ಕಾಂಟ್ಯಾಕ್ಟ್ ಲೆನ್ಸಿನಲ್ಲೇ ದೃಷ್ಟಿ ಬರಬಹುದು. ಎಡಗಣ್ಣು ಪೂರ್ತಿ ಚೆನ್ನಾಗಿದ್ದರೆ ಏನೂ ಮಾಡದೆ ಇರುವುದೂ ಒಂದು ಆಯ್ಕೆ. ವಿಶೇಷವಾಗಿ ತಿಂಗಳು ತಿಂಗಳು ಆಸ್ಪತ್ರೆಗೆ ಬರಲಾಗದವರಿಗೆ ನಾನು ಅದನ್ನೇ ಹೇಳುತ್ತೇನೆ.

ಆಪರೇಷನ್ ದಿನ ನಡೆಯುವುದು ಹೀಗೆ. ಬಾಟಲಿಯನ್ನು ಸುಮಾರು ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡುತ್ತೇವೆ, ಕೋಶಗಳು ಮೈಮುರಿದೇಳಲಿ, ಆ್ಯಂಟಿಬಯಾಟಿಕ್ ಕೆಲಸ ಮಾಡಲಿ ಎಂದು. ಬಣ್ಣ, ಲೇಬಲ್ ನೋಡುತ್ತೇವೆ. ಪೂರ್ಣ ಕಸಿಯಾದರೆ ಕಾರ್ನಿಯಾವನ್ನು ಒಳಮೈ ಮೇಲೆ ಮಾಡಿ ಕೂರಿಸಿ, ದುಂಡನೆಯ ಅಲಗಿನಿಂದ ಒಂದೇ ಒತ್ತಿಗೆ ಬಿಲ್ಲೆ ಕತ್ತರಿಸುತ್ತೇವೆ, ರೋಗಿಯ ಕಣ್ಣಿನಲ್ಲಿ ಮಾಡುವ ರಂಧ್ರಕ್ಕಿಂತ ಕಾಲು ಅಥವಾ ಅರ್ಧ ಮಿಲಿಮೀಟರ್ ದೊಡ್ಡದಾಗಿ. ಆ ಬಿಲ್ಲೆ ಸರಿಯಾಗಿ ಬಂತೆಂದು ಖಾತ್ರಿಯಾದ ಮೇಲೆಯೇ ನಿಮ್ಮವರ ಕಣ್ಣು ತೆರೆಯುವುದು. ಹೊಲಿಗೆಯ ನೂಲು ಬರಿಗಣ್ಣಿಗೆ ಕಾಣುವುದೇ ಕಷ್ಟ.

ಮೊದಲ ಒಂದು ವರ್ಷ ಹನಿ ಔಷಧ ತಪ್ಪಬಾರದು, ಕಣ್ಣಿನ ಒತ್ತಡ ನೋಡಿಸುತ್ತಿರಬೇಕು. ಹೊಲಿಗೆ ಇರುವವರೆಗೆ ಒಕ್ಕಲು ಕಣ, ಅಡಿಕೆ ಸುಲಿಯುವ ಮಷಿನ್, ಬೋರ್ಡೋ ಹೊಡೆಯುವ ಜಾಗ ಬೇಡವೇ ಬೇಡ. ಆಮೇಲೂ ಬದಿ ಮುಚ್ಚಿದ ಕನ್ನಡಕವಿಲ್ಲದೆ ಹೋಗಬಾರದು. ಕಣ್ಣು ಕೆಂಪಾಗುವುದು, ನೋವು, ಬೆಳಕು ನೋಡಲಾಗದಿರುವುದು, ನಿನ್ನೆಗಿಂತ ಇವತ್ತು ಮಬ್ಬಾಗಿರುವುದು, ಇವುಗಳಲ್ಲಿ ಒಂದಾದರೂ ಕಂಡರೆ ಅವತ್ತೇ ಹೊರಡಿ. ತಿರಸ್ಕಾರ ಶುರುವಾದ ಮೊದಲ ದಿನಗಳಲ್ಲಿ ಹನಿಯಿಂದಲೇ ನಿಲ್ಲಿಸಬಹುದು. ‘ಅಂಗಡಿಯಿಂದ ಯಾವುದೋ ಹನಿ ತಂದು ಹಾಕಿ ನೋಡೋಣ, ಸಂತೆ ದಿನ ಹೇಗೂ ಶಿವಮೊಗ್ಗಕ್ಕೆ ಹೋಗ್ತೀವಲ್ಲ’ ಎಂದು ನಾಲ್ಕು ದಿನ ಕಾದು ಬಂದವರ ಕಾರ್ನಿಯಾವನ್ನು ಉಳಿಸುವುದು ಕಷ್ಟ. ಆಸ್ಪತ್ರೆಯಿಂದ ಹೊರಡುವ ಮೊದಲು, ಭಾನುವಾರವೂ ಎತ್ತುವ ಫೋನ್ ನಂಬರ್ ಬರೆಸಿಕೊಳ್ಳಿ.